ಟೈಲರ್ ಮತ್ತು ಚುರುಟು

ನಾವು ಕರಾವಳಿ ಕಡೆಯ ಸವಣೂರಿನಲ್ಲಿದ್ದಾಗ ನಮ್ಮ ಬಟ್ಟೆ ಹೊಲಿಯುತ್ತಿದ್ದ ಟೈಲರಿಗೆ ಚುರುಟಿನ ಚಟವಿತ್ತು. ಅಂಗಡಿಯೊಳಗೆ ಮಾತ್ರ ಹೊತ್ತಿಸುತ್ತಿರಲಿಲ್ಲ. ಸುಮ್ಮನೆ ತುಟಿಯಲ್ಲಿ ಕಚ್ಚಿಕೊಂಡು ಮಿಷನ್ ತುಳಿಯುತ್ತಿದ್ದರು. ಯಾರಾದರೂ ಬೆಂಕಿಪೆಟ್ಟಿಗೆ ತೆಗೆದರೆ, "ಜನರ ಬಟ್ಟೆ ಉಂಟು ಮಾರಾಯ್ರೆ" ಎಂದು ಹೊರಗೆ ಕಳಿಸುತ್ತಿದ್ದರು. ಸಂಜೆ ಅವರೂ ನನ್ನ ಗಂಡನೂ ಮೆಟ್ಟಿಲ ಮೇಲೆ ಕೂತು ಸೇದುವುದು ವರ್ಷಗಳ ರೂಢಿ. ಕೊನೆಗೆ ಶ್ವಾಸಕೋಶದ ಕಾಯಿಲೆಯಲ್ಲಿ ನನ್ನ ಗಂಡ ತೀರಿಕೊಂಡರು.

ಕೆಲವು ತಿಂಗಳ ಮೇಲೆ ರವಿಕೆಯ ಬಟ್ಟೆ ಕೊಡಲು ಹೋದೆ. ತಂಬಾಕಿನ ತೆರಿಗೆ ಏರಿಸುತ್ತಾರೆಂದು ಅಂದು ಪೇಪರಿನಲ್ಲಿ ಬಂದಿತ್ತು. ಮೆಟ್ಟಿಲ ಮೇಲಿದ್ದವರೊಬ್ಬರು ಸಿಡುಕಿದರು.

"ಬಡವರು ಒಂದು ಚುರುಟು ಸೇದುದೂ ಬೇಡವಾ?"

ಟೈಲರ್ ಮಿಷನ್ ನಿಲ್ಲಿಸಿ, ಒಮ್ಮೆ ಜೋರಾಗಿ ಕೆಮ್ಮಿ, ನನ್ನತ್ತ ಕೈ ತೋರಿಸಿದರು. "ಏರಿಸಲಿ. ಇವರ ಯಜಮಾನರು ಇದ್ದಾಗಲೇ ಏರಿಸಬೇಕಿತ್ತು."

ಬಾಯಲ್ಲಿದ್ದ ಚುರುಟನ್ನು ಅವರು ಕತ್ತರಿಯಿಂದ ಚೂರು ಮಾಡಿ ಚಿಂದಿಬಟ್ಟೆಯ ರಾಶಿಗೆ ಹಾಕಿದರು.

ರವಿಕೆ ತರಲು ಹೋದಾಗ ಚುರುಟಿನ ಬದಲು ಲವಂಗ ಜಗಿಯುತ್ತಿದ್ದರು.

"ಕೆಮ್ಮು ಹೇಗುಂಟು?" ಎಂದು ಕೇಳಿದೆ.

"ಕೆಮ್ಮು ಕಮ್ಮಿ ಅಕ್ಕ, ಸಿಟ್ಟು ಜಾಸ್ತಿ. ಅದೇ ಸಿಟ್ಟಲ್ಲಿ ನಿಮ್ಮ ರವಿಕೆಗೆ ಎರಡು ಕಡೆಗೂ ಎಡತೋಳನ್ನೇ ಹೊಲಿದಿಟ್ಟಿದ್ದೇನೆ."

"ಹತ್ತು ರವಿಕೆ ಹಾಳಾದರೂ ಅಡ್ಡಿಲ್ಲ," ಎಂದೆ. "ಲವಂಗ ಬಿಡಬೇಡಿ."