ಅಕ್ಕನಾಗಮ್ಮ ಟೀಚರ್ ಸೊಟ್ಟ ಚಿತ್ರ ಕಲಿತದ್ದು

ಅಕ್ಕನಾಗಮ್ಮ ಶಿಕಾರಿಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಷ್ಟು ಕಾಲವೂ ಅವರ ತರಗತಿಯಲ್ಲಿ ಒಂದು ಹೂಜಿಯೂ ಸೊಟ್ಟಗಾಗಲಿಲ್ಲ. ಅವರು ಬಿಡುತ್ತಿರಲಿಲ್ಲ. ಹೂಜಿಯ ಎಡಹೊಟ್ಟೆಗೂ ಬಲಹೊಟ್ಟೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಬರೆದವರ ಕಿವಿ ಕೆಂಪಗಾಗುತ್ತಿತ್ತು. ನಿವೃತ್ತರಾದ ಮೇಲೆ ತಿದ್ದಲು ಬೇರೆ ಯಾರೂ ಸಿಗದೆ ಸೊಸೆ ಗಂಗಾಶ್ರೀಯ ರಂಗೋಲಿಯನ್ನೂ, ಅವಳು ಲಟ್ಟಿಸಿದ ಚಪಾತಿಯ ದುಂಡನ್ನೂ ತಿದ್ದತೊಡಗಿದರು. ಹಾಗಾಗಿ ಸೊರಬದ ಅನಾಥಾಶ್ರಮವೊಂದರವರು ಶನಿವಾರ ಶನಿವಾರ ಬಂದು ಮಕ್ಕಳಿಗೆ ಚಿತ್ರ ಕಲಿಸುತ್ತೀರಾ ಎಂದು ಕೇಳಿದಾಗ, ಅತ್ತೆಗಿಂತ ಮೊದಲು ಹೂಂ ಅಂದವಳು ಗಂಗಾಶ್ರೀ.

ಅಲ್ಲಿದ್ದವರು ಹೆತ್ತವರಿಲ್ಲದ, ಇಲ್ಲವೇ ಹೆತ್ತವರು ಜೊತೆಗಿಟ್ಟುಕೊಳ್ಳಲಾಗದ ಮಕ್ಕಳು. ಹಾಳೆ ಕೊಟ್ಟರೆ ಮೂಲೆಯಲ್ಲಿ ಹೆಸರುಕಾಳಿನಷ್ಟು ಮನೆ ಬರೆದು, ಟೀಚರ್ ಹತ್ತಿರ ಬಂದೊಡನೆ ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. ಸುಷ್ಮಿತಾ ಎಂಬ ಹುಡುಗಿ ಅಷ್ಟನ್ನೂ ಬರೆಯುತ್ತಿರಲಿಲ್ಲ. ಅವಳ ಅಪ್ಪ ಚಿಕ್ಕಬೀರಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಇಲ್ಲಿ ಬಿಟ್ಟಿದ್ದ. ಬಂದಾಗಿನಿಂದ ಅವಳು ಯಾರೊಂದಿಗೂ ಮಾತಾಡಿದ್ದಿಲ್ಲ. ಅಕ್ಕನಾಗಮ್ಮ ಬೋರ್ಡಿನ ಮೇಲೆ ಅಚ್ಚುಕಟ್ಟಾದ ಹೂಜಿ ಬರೆದಷ್ಟೂ ಮಕ್ಕಳು ಮುದುಡಿಕೊಂಡರು.

ಒಂದು ಶನಿವಾರ ಅವರ ಕನ್ನಡಕ ಬಸ್ಸಿನಲ್ಲೇ ಉಳಿದುಹೋಯಿತು. ಹಾಗಂತ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಗುಡವಿ ಕೆರೆಯ ಕೊಕ್ಕರೆಯೊಂದನ್ನು ಅಂದಾಜಿನಲ್ಲೇ ಬರೆದರು. ಬೋರ್ಡಿನ ಮೇಲೆ ಯಾರೋ ಲೆಕ್ಕ ಮಾಡಿ ಅಳಿಸದೆ ಬಿಟ್ಟಿದ್ದ ಗೆರೆಯೊಂದು ಅದರ ಹೊಟ್ಟೆಯ ಕೆಳಗೆ ಸೇರಿಕೊಂಡಿತು. ಹಿಂದಿನ ಸಾಲಿನಿಂದ ಸಣ್ಣ ದನಿ ಬಂತು.

“ಟೀಚರ್, ಹಕ್ಕಿಗೆ ಎರಡೇ ಕಾಲು.”

ಮಾತಾಡಿದ್ದು ಸುಷ್ಮಿತಾ. ಮೊದಲು ಯಾರೋ ಕಿಸಕ್ಕೆಂದರು, ಅದರ ಹಿಂದೆಯೇ ಎಲ್ಲರೂ ನಕ್ಕರು. ಅಕ್ಕನಾಗಮ್ಮನಿಗೆ ಕೋಪ ನೆತ್ತಿಗೇರಿತಾದರೂ, ಆ ಹುಡುಗಿ ಬಾಯಿ ತೆರೆದದ್ದು ಕಂಡು ಡಸ್ಟರ್ ಅವಳತ್ತ ಚಾಚಿದರು. ಅವಳು ಬಂದು ಮೂರನೆಯ ಕಾಲು ಒರೆಸಿದಳು. ಅಷ್ಟಕ್ಕೆ ಸಮಾಧಾನವಾಗದೆ ಕೊಕ್ಕನ್ನೂ ಒರೆಸಿ ಹೊಸದಾಗಿ ಬರೆದಳು.

ಮುಂದಿನ ವಾರ ಹೊಸ ಕನ್ನಡಕ ಹಾಕಿಕೊಂಡು ಲಕ್ಷಣವಾದ ಕುದುರೆ ಬರೆದರೆ ಮತ್ತೆ ಅದೇ ಮೌನ. ಸುಷ್ಮಿತಾ ತಲೆ ತಗ್ಗಿಸಿಬಿಟ್ಟಿದ್ದಳು. ಅಕ್ಕನಾಗಮ್ಮ ಸ್ವಲ್ಪ ಹೊತ್ತು ಯೋಚಿಸಿ, ಕುದುರೆಯ ಮೂತಿಗೂ ಒಂದು ಬಾಲ ಅಂಟಿಸಿದರು. ಮಕ್ಕಳೆಲ್ಲ ತಿದ್ದಲು ಎದ್ದು ಬಂದರು.

ಅಂದಿನಿಂದ ವಾರವಾರವೂ ಕೆಟ್ಟದಾಗಿ ಬರೆಯಬೇಕಾಯಿತು. ಅದು ಸುಲಭವಿರಲಿಲ್ಲ. ಕೆಡಿಸಲು ಹೊರಟ ಆನೆ ಗಾಂಭೀರ್ಯದಿಂದ ಮೂಡಿಬಿಡುತ್ತಿತ್ತು. ಅದಕ್ಕೇ ಮನೆಯಲ್ಲಿ ಅಭ್ಯಾಸ ಶುರುಮಾಡಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕೂ ಕಾಲು ಒಂದೇ ಕಡೆಗಿದ್ದ ಹಸು, ಗಲ್ಲದ ಹತ್ತಿರ ಕಿವಿಯಿದ್ದ ಬೆಕ್ಕು ಕಂಡು ಗಂಗಾಶ್ರೀ ಗಾಬರಿಯಿಂದ ಗಂಡನಿಗೆ ತೋರಿಸಿದಳು. ಮಲ್ಲಿಕಾರ್ಜುನ್ ಏನೋ ನೆಪ ಹೇಳಿ ತಾಯಿಯನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದ. ಕಣ್ಣಿಗೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವನ ಮುಖ ಇನ್ನಷ್ಟು ಸಪ್ಪಗಾಯಿತು. ಕೊನೆಗೆ ಅಕ್ಕನಾಗಮ್ಮ ನಿಜ ಹೇಳಲೇಬೇಕಾಯಿತು. ಗಂಗಾಶ್ರೀ ನಕ್ಕು ನಕ್ಕು ಸುಸ್ತಾದಳು. ತಿದ್ದುವ ಸರದಿ ಆಮೇಲೆ ಅವಳದಾಯಿತು.

“ಅತ್ತೆ, ಈ ಬೆಕ್ಕು ಇನ್ನೂ ಚೆನ್ನಾಗೈತಿ. ಇನ್ನಷ್ಟು ಕೆಡಿಸ್ರಿ.”

ಅತ್ತ ಮಕ್ಕಳ ಮನೆಗಳು ಹಾಳೆಯ ಮೂಲೆ ಬಿಟ್ಟು ನಡುವಿಗೆ ಬಂದವು. ಕೆಲವು ಹಾಳೆಯಲ್ಲಿ ಹಿಡಿಸದೆ ಬೆಂಚಿನ ಮೇಲೂ ಹರಿದವು. ವರ್ಷದ ಕೊನೆಗೆ ಆಶ್ರಮದಲ್ಲಿ ಚಿತ್ರ ಪ್ರದರ್ಶನ ಇಟ್ಟರು. ನೋಡಲು ಕರೆಸಿದ್ದ ಶಿವರಾಮ ಈಗ ತಾನೂ ಡ್ರಾಯಿಂಗ್ ಮೇಷ್ಟ್ರು. ಹಿಂದೆ ಅಕ್ಕನಾಗಮ್ಮನ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಶಿಷ್ಯ. ಮಕ್ಕಳ ಚಿತ್ರಗಳನ್ನು ಹೊಗಳುತ್ತ ಬಂದವನು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿದ್ದ, ಮಂಡಿ ಹಿಂದುಮುಂದಾಗಿದ್ದ ಒಂಟೆಯ ಮುಂದೆ ನಿಂತು ಇದನ್ನು ಬರೆದ ಮಗು ಯಾವುದು ಎಂದು ಕೇಳಿದ. ಅಕ್ಕನಾಗಮ್ಮನಿಗೆ ತಿಳಿಯದಂತೆ ಮಕ್ಕಳು ಅದನ್ನೂ ಗೋಡೆಗೆ ಅಂಟಿಸಿದ್ದರು.

ಸುಷ್ಮಿತಾ ಮುಂದೆ ಬಂದಳು. “ನಮ್ ಟೀಚರ್ ಬರ್ದಿದ್ದು ಸಾರ್. ಪಾಪ, ಅವ್ರಿಗೆ ಬರಲ್ಲ. ನಾವೇ ಕಲಿಸ್ತಾ ಇದೀವಿ. ಮೊದ್ಲಿಗಿಂತ ಈಗ ಎಷ್ಟೋ ವಾಸಿ.”

ಶಿವರಾಮ ಟೀಚರ್ ಕಡೆ ನೋಡಿದ. ಅಕ್ಕನಾಗಮ್ಮ ಹಳೆಯ ತರಗತಿಯ ನೋಟವೊಂದನ್ನು ಬೀರಿದರು. ಅವನಿಗೆ ಅಷ್ಟೇ ಸಾಕಾಯಿತು. ಹೌದಮ್ಮ, ಬಿಡದೆ ಕಲಿಸಿ, ಎಂದು ಗಂಭೀರವಾಗಿ ಹೇಳಿ ಮುಂದೆ ಸರಿದ.

ಮಗಳನ್ನು ನೋಡಲು ಅಂದೇ ಬಂದಿದ್ದ ಚಿಕ್ಕಬೀರಪ್ಪನನ್ನು ಸುಷ್ಮಿತಾ ಅಂಗಳದಲ್ಲಿ ನಿಲ್ಲಿಸಿ ಚಿತ್ರ ಬರೆಯತೊಡಗಿದಳು. ಕಂಬಳಿ ಸರಿ ಮಾಡು, ಕತ್ತು ಆ ಕಡೆ ತಿರುಗಿಸು, ಮೀಸೆ ಅಲ್ಲಾಡಿಸಬೇಡ ಎಂದು ಗದರಿಸುತ್ತಲೇ ಇದ್ದಳು. ಅವನು ಕತ್ತು ಅಲುಗಿಸದೆ, ಪಕ್ಕ ಬಂದು ನಿಂತ ಅಕ್ಕನಾಗಮ್ಮನನ್ನು ಮೆಲ್ಲಗೆ ಕೇಳಿದ:

“ಇವಳ ಬಾಯಿಂದ ಮಾತೇ ಹೊಂಡ್ತಿರ್ಲಿಲ್ಲ. ಏನ್ ಮಾಡಿದ್ರಿ ಅವ್ವಾರೆ?”

“ನಾನೇನೂ ಮಾಡಿಲ್ಲಪ್ಪ. ಅವಳ ಹತ್ರ ವಾರವಾರ ಬೈಸ್ಕೊಂಡೆ.”

ಮಾತಾಡಬೇಡಿ ಎಂದು ಸುಷ್ಮಿತಾ ಇಬ್ಬರಿಗೂ ಹೇಳಿದಳು. ಇಬ್ಬರೂ ಸುಮ್ಮನಾದರು.