ಕುಂಕುಮ ಇಟ್ಟ ಕೆಂಪು ಗುಂಡಿ

ನನ್ನ ಅಕ್ಕ ಗುಂಡಿ ಒತ್ತಿದ್ದಳು. ಇದು ವಾದವಲ್ಲ, ನಡೆದದ್ದು. ಆದರೆ ಶಿರಾದ ಆ ಸ್ಕ್ಯಾನಿಂಗ್ ಸೆಂಟರಿನ ಮಾಲೀಕ ಡಾಕ್ಟರು "ಒತ್ತಲಿಲ್ಲ" ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದರು. ಅದನ್ನು ಸುಳ್ಳು ಮಾಡುವವರೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅಕ್ಕ ಅಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಒಂದು ಮಧ್ಯಾಹ್ನ ಬಲಸಮುದ್ರದ ಅಜ್ಜಿಯೊಬ್ಬರನ್ನು ಮಲಗಿಸಿದ್ದಾಗ ಮಿಷನ್ನಿನ ಪಕ್ಕದ ಮುಚ್ಚಳದಿಂದ ಹೊಗೆ ಎದ್ದಿತು. ಗೋಡೆಯ ಮೇಲೆ ಕೆಂಪು ಗುಂಡಿಯೊಂದಿದೆ. ಇಂಥ ಹೊತ್ತಿನಲ್ಲಿ ಅದನ್ನು ಒತ್ತಿದರೆ ಇಡೀ ಮಿಷನ್ನಿನ ಕರೆಂಟು ಕಡಿಯಬೇಕು. ಅಕ್ಕ ಒತ್ತಿದಳು. ಮಿಷನ್ ನಿಲ್ಲಲಿಲ್ಲ. ಮತ್ತೆ ಗುದ್ದಿದಳು. ಕೊನೆಗೆ ಅಜ್ಜಿಯನ್ನು ಎಳೆದುಕೊಂಡು ಹೊರಗೆ ಬಂದು, ಆಚೆ ಕೋಣೆಯ ಮೇನ್ ಸ್ವಿಚ್ ಇಳಿಸಿದಳು. ಅಜ್ಜಿಗೆ ಏನೂ ಆಗಲಿಲ್ಲ. ಕಾದ ಮುಚ್ಚಳ ತಾಗಿ ಅಕ್ಕನ ಮುಂಗೈ ಬೊಬ್ಬೆ ಎದ್ದಿತ್ತು.

"ಗಾಬರಿಬಿದ್ದು ಗುಂಡಿ ಒತ್ತೋದನ್ನೇ ಮರ್ತವ್ಳೆ. ಇಂಥೋರ್ನ ಇಟ್ಕೊಂಡು ಸೆಂಟರ್ ನಡ್ಸಕಾಯ್ತದಾ?" ಎಂದು ಡಾಕ್ಟರು ಅವಳನ್ನು ಕೆಲಸದಿಂದ ತೆಗೆದರು. ಮಧುಗಿರಿಯಲ್ಲಿ ಕೆಲಸ ಕೇಳಿದರೆ ಅಲ್ಲಿಗೂ ಆ ಮಾತು ಮುಟ್ಟಿತ್ತು. ಕೊರಟಗೆರೆಯ ಡಾಕ್ಟರಮ್ಮ ನಗುತ್ತಲೇ ಹೇಳಿದರಂತೆ: "ಒಂದು ಗುಂಡಿ ಒತ್ತೋಕ್ಕೂ ಬರಲ್ವಂತಲ್ಲಮ್ಮ ನಿಂಗೆ?"

"ಹೋಗ್ಲಿ ಬುಡೇ," ಅಂದಳು ಅಕ್ಕ.

ಹೆಂಗೆ ಬುಡೋದು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟೇ: ಎದುರಾಳಿ ಯಾವ ಮಾತಿನ ಮೇಲೆ ನಿಂತಿದ್ದಾನೋ ಅದನ್ನೇ ಹಿಡಿದು ಎಳೆಯಬೇಕು. ಒತ್ತಿದ್ದರೆ ಆಫ್ ಆಗುತ್ತಿತ್ತು ಎನ್ನುವುದು ಇವರ ಮಾತು. ಆಗುತ್ತಿತ್ತಾ? ನೋಡಿದವರು ಯಾರು?

ಸೆಂಟರಿನ ವೈರಿಂಗ್ ನೋಡಿಕೊಳ್ಳುವ ಚಾಚಾ ನಮ್ಮ ಬೀದಿಯವರೇ. ಹೋಗಿ ಕೇಳಿದೆ.

"ಅರೆ ಬೇಟಿ, ಹೋದ ಆಯುಧಪೂಜೇಲಿ ಸಾಹೇಬ್ರು ಮಿಷನ್ನಿಗೆಲ್ಲ ಕುಂಕುಮ ಇಡ್ತಾ ಇಡ್ತಾ ಆ ಗುಂಡಿಗೂ ಇಟ್ರು. ಹೆಬ್ಬೆಟ್ಟು ಒತ್ತಿ! ಪೂರಾ ಬಂದ್. ಪೂಜೆ ಹೊತ್ನಲ್ಲಿ ಅಪಶಕುನ ಅಂತ ರೇಗ್ಬುಟ್ಟು, ಅದ್ರ ಎರಡು ವೈರು ಒಂದಕ್ಕೊಂದು ಸೇರಿಸ್ಬುಡು, ಒತ್ತಿದ್ರೂ ಆಫ್ ಆಗ್ಬಾರ್ದು ಅಂದ್ರು."

"ನೀವು ಸೇರಿಸ್ಬುಟ್ರಾ?"

"ಹಬ್ಬ ಮುಗಿದ್ಮ್ಯಾಲೆ ಸರಿ ಮಾಡ್ಸಣ ಅಂದಿದ್ರು. ಆಮೇಲೆ ಕರೀಲೇ ಇಲ್ಲ."

"ಈ ಸಲ ಪೂಜೆಗೆ ನಾನು ಕರೀತೀನಿ. ಸ್ಕ್ರೂಡ್ರೈವರ್ ತಗೊಂಡು ಬನ್ನಿ."

ಮಿಷನ್ ರಿಪೇರಿಯಾಗಿ ಮತ್ತೆ ಶುರುವಾದದ್ದು ಆಯುಧಪೂಜೆಯ ದಿನವೇ. ರೋಗಿಗಳನ್ನು ಕಳಿಸಿಕೊಡುವ ಡಾಕ್ಟರುಗಳನ್ನೆಲ್ಲ ಕರೆದಿದ್ದರು. ಕೊರಟಗೆರೆಯ ಡಾಕ್ಟರಮ್ಮನೂ ಇದ್ದರು. ಚಾಚಾನ ಜೊತೆ ನಾನೂ ಒಳಗೆ ಸೇರಿಕೊಂಡೆ. ಹೂವಿನ ಹಾರ ಹಾಕಿಸಿಕೊಂಡ ಮಿಷನ್ ಗುಂಯ್ ಅನ್ನುತ್ತಿತ್ತು. ಮಾಲೀಕರು ಕುಂಕುಮದ ಬಟ್ಟಲು ಹಿಡಿದು ಎಲ್ಲಕ್ಕೂ ಇಟ್ಟರು, ಗುಂಡಿಯೊಂದನ್ನು ಬಿಟ್ಟು.

"ಸಾರ್, ಅದಕ್ಕೆ ಇಡ್ಲೇ ಇಲ್ಲ," ಅಂದೆ.

ಮಾಲೀಕರಿಗೆ ನಾನು ಯಾರೆಂದು ಗುರುತಾಯಿತು. "ಅದಕ್ಕೆ ಬ್ಯಾಡ ಬುಡಮ್ಮ."

"ಯಾಕೆ ಸಾರ್? ಒತ್ತಿದ್ರೆ ಆಫ್ ಆಗ್ತದೆ ಅಂತ ಭಯಾನಾ? ಇಲ್ಲಾ ಆಗಲ್ಲ ಅಂತ ಭಯಾನಾ?"

ಅವರು ಬಟ್ಟಲು ಕೆಳಗಿಡಲು ಹೋದರು. ಡಾಕ್ಟರಮ್ಮನಿಗೆ ಇದು ತಮಾಷೆ ಎನಿಸಿತೋ ಏನೋ, "ಕೊಡ್ರೀ ಇಲ್ಲಿ, ನಾನೇ ಇಡ್ತೀನಿ" ಎಂದು ಕುಂಕುಮ ತೆಗೆದುಕೊಂಡು ಗುಂಡಿಯನ್ನು ಪೂರ್ತಿ ಒತ್ತಿದರು.

ಗುಂಯ್.

ಅವರ ನಗು ನಿಂತಿತು. ಗುಂಡಿ ತಿರುಗಿಸಿ ಮೇಲಕ್ಕೆತ್ತಿ ಮತ್ತೊಮ್ಮೆ ಒತ್ತಿದರು. ಥೇಟ್ ನಮ್ಮಕ್ಕನ ಹಾಗೆ.

"ಚಾಚಾ, ಬಿಚ್ಚಿ," ಅಂದೆ. ಗುಂಡಿಯ ಹಿಂದೆ ಎರಡು ವೈರುಗಳು ಹೆಣೆದುಕೊಂಡಿದ್ದವು, ಮೇಲೆ ಕಪ್ಪು ಟೇಪು. ಎಲ್ಲರೂ ಬಗ್ಗಿ ನೋಡಿದರು. ಮುಚ್ಚಲು ಅವಸರ ಮಾಡಬೇಡಿ ಎಂದು ಚಾಚಾಗೆ ನಾನೇ ಹೇಳಿದೆ.

ಮಾಲೀಕರು ನನ್ನನ್ನು ಬಾಗಿಲ ಹತ್ತಿರ ಕರೆದರು. "ಆಯ್ತು ಕಣಮ್ಮ, ನಿಮ್ಮಕ್ಕನ್ನ ನಾಳೆಯಿಂದ ಬರಕ್ಕೇಳು."

"ಬರೋದು ಬುಡೋದು ಅವಳಿಷ್ಟ. ಊರಿಗೆಲ್ಲ ಹೇಳಿದ್ರಲ್ಲ, ಅದನ್ನ ಇವರ ಮುಂದೆ ಸರಿಯಾಗಿ ಹೇಳಿ."

"ಆ ಹುಡುಗಿ... ಒತ್ತಿದ್ಳು," ಅಂದರು, ಗಂಟಲೊಳಗೇ.

"ಕೇಳಿಸ್ಲಿಲ್ಲ ಸಾರ್."

ನನಗೆ ಕೇಳಿಸಿತ್ತು. ಡಾಕ್ಟರಮ್ಮನಿಗೂ ಕೇಳಿಸಿತ್ತು, ಅವರು ತಲೆ ತಗ್ಗಿಸಿದ್ದರು.

"ಅವ್ಳು ಗುಂಡಿ ಒತ್ತಿದ್ಳು!"

ಈ ಸಲ ಬೀದಿಯವರೆಗೂ ಕೇಳಿಸಿರಬೇಕು. ಸಾಕಾಗಿತ್ತು, ನಿಜ. ಆದರೂ ಅಕ್ಕನ ಮುಂಗೈಯ ಕಲೆ ನೆನಪಾಗಿ, ಕಿವಿಗೆ ಕೈಯಿಟ್ಟು ಕೇಳಿದೆ:

"ಏನಂದ್ರಿ ಸಾರ್?"