ಕಾವಲಿಯಂತೆ ನೋಡಿಕೊಂಡ ಗಾಜು

ನನ್ನ ಗಂಟಲು ಕೆಟ್ಟದ್ದು ಕೂಗಿ ಕೂಗಿ. ಕೂಗಿದ್ದು ಜಗಳಕ್ಕಲ್ಲ, ಸಂಸಾರ ನಡೆಸಲಿಕ್ಕೆ. ನನ್ನ ಗಂಡ ಆಯುಷ್ಯದ ಬಹುಪಾಲು ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಬೆನ್ನ ಹಿಂದೆ ಹಿಟ್ಟು ರುಬ್ಬುವ ಯಂತ್ರ, ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು. ಕೆಲಸ ಬಿಟ್ಟು ವಡಾಲದ ಮನೆಯಲ್ಲಿ ಕೂರುವ ಹೊತ್ತಿಗೆ ಕಿವಿ ಮುಕ್ಕಾಲು ಹೋಗಿತ್ತು. ಕಿವಿಗೆ ಹಾಕುವ ಮಷಿನ್ ತಂದುಕೊಟ್ಟರೆ ಅದು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆಂದು ಕಪಾಟಿಗೆ ಸೇರಿಸಿದರು. ಮತ್ತೆ ನಾನೇ ಮಷಿನ್. "ಊಟಕ್ಕೆ ಬನ್ನಿ" ಎಂದು ಕರೆದರೆ ಮೇಲಿನ ಮಹಡಿಯವರೂ ಕೈ ತೊಳೆಯಲು ಏಳಬೇಕು, ಅಂಥ ಗಂಟಲು ನನ್ನದು.

ಅದು ಮೊದಲು ಗೊಗ್ಗರಾಯಿತು, ಆಮೇಲೆ ಒಡೆದೇ ಹೋಯಿತು. ಸ್ವರ ಹೊರಡುವ ಜಾಗದಲ್ಲಿ ಗಂಟುಗಳಾಗಿವೆ ಎಂದರು ಡಾಕ್ಟರು. ಸಣ್ಣ ಆಪರೇಷನ್, ಅದಾದ ಮೇಲೆ ಕೆಲವು ವಾರ ಪಿಸುಮಾತೂ ಕೂಡದು, ಮುಂದೆ ಮಾತಾಡಬಹುದು, ಆದರೆ ಜನ್ಮದಲ್ಲಿ ಕೂಗಬಾರದು, ಕೂಗಿದರೆ ಇದ್ದ ಸ್ವರವೂ ಹೋದೀತು. ಕೂಗದಿದ್ದರೆ ಗಂಡನಿಗೆ ಕೇಳದು, ಕೂಗಿದರೆ ಸ್ವರ ಉಳಿಯದು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇನ್ನುಳಿದ ಕಾಲವೆಲ್ಲ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇರಬೇಕೇ?

ಉಪಾಯ ಹುಡುಕಿದ್ದು ಮಲಾಡಿನಲ್ಲಿರುವ ಮಗಳು. ಕಾಗದದಲ್ಲಿ ಬರೆದರೆ ಇವರ ಕಣ್ಣಿಗೆ ಹಿಡಿಯದು, ಸ್ಲೇಟಿನ ಮೇಲೆ ಬಳಪ ಉಜ್ಜುವ ಸದ್ದು ನನಗಾಗದು. ಅವಳು ನನ್ನ ಫೋನಿನಲ್ಲಿ ಬಿಳಿ ಹಾಳೆಯಂಥ ಒಂದು ಆ್ಯಪ್ ಹಾಕಿಕೊಟ್ಟಳು. ಬೆರಳಲ್ಲಿ ಬರೆದರೆ ಕಪ್ಪಗೆ ದಪ್ಪಗೆ ಅಕ್ಷರ ಮೂಡುತ್ತದೆ. ಮಲಾಡಿನ ಮಾರ್ಕೆಟ್ಟಿನಲ್ಲಿ ಹೊಸ ಸ್ಕ್ರೀನ್‌ಗಾರ್ಡ್ ಕೂಡ ಹಾಕಿಸಿಕೊಂಡು ಬಂದಿದ್ದಳು. ಎಣ್ಣೆ, ಬೆವರು, ಬೆರಳಿನ ಗುರುತು ಹಿಡಿಯದ ಹಾಗೆ ಆ ಗಾಜಿನ ಮೇಲೆ ಕಣ್ಣಿಗೆ ಕಾಣದ ಲೇಪ ಇರುತ್ತದಂತೆ. ಬೆರಳು ಎಷ್ಟು ನುಣ್ಣಗೆ ಜಾರುತ್ತಿತ್ತೆಂದರೆ ನನ್ನ ಬೈಗುಳವೂ ಚೆಂದದ ಅಕ್ಷರದಲ್ಲಿ ಬರುತ್ತಿತ್ತು. ನಾನು ಬರೆಯುವುದು, ಇವರು ಕನ್ನಡಕ ಏರಿಸಿ ಓದಿ ಬಾಯಲ್ಲಿ ಉತ್ತರ ಹೇಳುವುದು. ಮೊದಲು ಅಡುಗೆಮನೆಯಿಂದಲೇ ಕೂಗಿ ಮುಗಿಸುತ್ತಿದ್ದ ಮಾತಿಗೆ ಈಗ ಇಬ್ಬರೂ ಪಕ್ಕಪಕ್ಕ ಕೂರಬೇಕಾಯಿತು. ನನಗೇನೂ ಬೇಸರವಾಗಲಿಲ್ಲ.

ಇವರಿಗೂ ಖುಷಿಯಾಗಿರಬೇಕು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಬದಲಿಗೆ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ನನ್ನ ಫೋನು ತೆಗೆದುಕೊಂಡು ಹೋಗಿ ತೊಳೆಯತೊಡಗಿದರು. ಹೋಟೆಲಿನವರಿಗೆ ಗಾಜಿನ ಮೇಲೆ ಬೆರಳಿನ ಗುರುತು ಕಂಡರೆ ಮೈಯೆಲ್ಲ ಉರಿಯುತ್ತದೆ. ಹಿಂಡಿದ ಲಿಂಬೆಯ ಸಿಪ್ಪೆ, ಪಾತ್ರೆ ತೊಳೆಯುವ ಸಾಬೂನು ಒಂದು ಹನಿ, ಆಮೇಲೆ ಒರಟು ಬಟ್ಟೆಯಲ್ಲಿ ಚೆನ್ನಾಗಿ ಉಜ್ಜು. ಫೋನು ಫಳಫಳ ಹೊಳೆಯುತ್ತಿತ್ತು. ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾರಲ್ಲ ಎಂದು ನಾನೂ ಬೀಗುತ್ತಿದ್ದೆ.

ಕೆಲವು ದಿನ ಕಳೆದ ಮೇಲೆ ಬೆರಳು ಗಾಜಿಗೆ ಹಿಡಿಯತೊಡಗಿತು. ಗೆರೆ ನಡುವೆ ತುಂಡಾಗುತ್ತಿತ್ತು, ಮುಟ್ಟಿದಲ್ಲೆಲ್ಲ ಜಿಡ್ಡಿನ ಕಲೆ ಕೂರುತ್ತಿತ್ತು. ಕಲೆ ಹೆಚ್ಚಾದಷ್ಟೂ ಇವರು ಹೆಚ್ಚು ಉಜ್ಜಿದರು; ಉಜ್ಜಿದಷ್ಟೂ ಕಲೆ ಹೆಚ್ಚಾಯಿತು. ಒಂದು ಬೆಳಿಗ್ಗೆ ಇವರು ಚೀಲ ಹಿಡಿದು ಮಾಟುಂಗಾ ಮಾರ್ಕೆಟ್ಟಿಗೆ ಹೊರಟಿದ್ದರು. ಬಸಳೆ ಮನೆಯಲ್ಲಿ ಬೇಕಾದಷ್ಟಿದೆ, ತರಬೇಡಿ ಎಂದು ಬರೆಯಲು ಹೊರಟೆ. ಬೆರಳು ಮುಂದೆ ಹೋಗದು. ಒರೆಸಿ ಮತ್ತೆ ಬರೆದೆ, ಮತ್ತೆ ತುಂಡು. ತಾಳ್ಮೆ ಇಲ್ಲದ ಮನುಷ್ಯ, "ಬಂದ ಮೇಲೆ ಓದ್ತೇನೆ" ಎಂದು ಮೆಟ್ಟಿಲಿಳಿದೇಬಿಟ್ಟರು. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ, ಉಸಿರೂ ಎಳೆದುಕೊಂಡೆ. ಆಪರೇಷನ್ ಆದ ಗಂಟಲು ಚುಳ್ಳೆಂದಿತು. ಕೂಗಲಿಲ್ಲ. ಇವರು ಎರಡು ಕಟ್ಟು ಬಸಳೆ ಹೊತ್ತು ಬಂದರು. ನಗು ಬರಬೇಕಾದ ವಿಷಯ, ನನಗೆ ಅಳು ಬಂತು. ಇವತ್ತು ಬಸಳೆ, ನಾಳೆ ನನ್ನ ಎದೆಯಲ್ಲಿ ಏನಾದರೂ ಆದರೆ ಹೇಗೆ ಹೇಳುವುದು?

ಆ ಭಾನುವಾರ ಮಗಳು ಬಂದವಳು ಅಪ್ಪ ಫೋನು ತೊಳೆಯುವುದನ್ನು ಕಂಡು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಅಮ್ಮ, ಇದರ ಕೋಟಿಂಗ್ ಪೂರಾ ನಿಕಲ್ ಗಯಾ. ಲಿಂಬು, ಸೋಪ್ ಹಾಕಿ ಉಜ್ಜೋದಾ? ಐಸಾ ಕೋನ್ ಕರ್ತಾ ಹೈ?"

"ಎಂತ ಹೇಳ್ತಾಳೆ ಇವಳು?" ಎಂದರು ಇವರು. ಲೇಪ ಪೂರ್ತಿ ಕಿತ್ತುಹೋಗಿದೆ, ಹೀಗೆ ಯಾರಾದರೂ ತೊಳೆಯುತ್ತಾರಾ ಎಂದು ಅವಳು ಕಿವಿಯ ಹತ್ತಿರ ಹೋಗಿ ಹೇಳಿದಾಗ ಸಿಟ್ಟಾದರು. "ಗಾಜಿಗೆ ಕೊಳೆ ಆದ್ರೆ ತೊಳೆಯುದಲ್ವಾ? ಮತ್ತೆಂತ ಅದಕ್ಕೆ ಪೂಜೆ ಮಾಡುದಾ?"

ಲೇಪ, ಸವೆತ ಎಂದೆಲ್ಲ ಮಗಳು ತನ್ನ ಹರಕುಮುರುಕು ಕನ್ನಡದಲ್ಲಿ ವಿವರಿಸಿದಷ್ಟೂ ಇವರ ಹುಬ್ಬು ಗಂಟಾಗುತ್ತಿತ್ತು. ನಾನು ಅವಳ ಫೋನು ಕಿತ್ತುಕೊಂಡು ಅದರಲ್ಲಿ ಬರೆದೆ: "ಇದು ತಟ್ಟೆ ಅಲ್ಲ. ಕಾವಲಿ."

ಇವರು ಓದಿದರು. ಮುಖ ಇಳಿದುಹೋಯಿತು. ಪಳಗಿದ ದೋಸೆ ಕಾವಲಿಗೆ ಸಾಬೂನು ಮುಟ್ಟಿಸಿದವರನ್ನು ಇವರು ಹೋಟೆಲಿನಲ್ಲಿ ಜಾಡಿಸುತ್ತಿದ್ದ ಕಥೆಗಳನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸಾಬೂನು ತಾಗಿದರೆ ಕಾವಲಿಯ ಪಳಗುವಿಕೆ ಹೋಗುತ್ತದೆ, ದೋಸೆ ಏಳದೆ ಕಚ್ಚಿಕೊಳ್ಳುತ್ತದೆ.

"ಅಯ್ಯೋ, ಪಳಗಿದ ಕಾವಲಿಗೆ ನಾನೇ ಸಾಬೂನು ಹಾಕಿದ್ನಾ! ಮೊದಲೇ ಹೇಳ್ಬಾರ್ದಾ ಮಾರಾಯ್ತಿ?" ಮಾತು ನಿಂತವಳ ಹತ್ತಿರ ಇಂಥ ಪ್ರಶ್ನೆ. ಆಮೇಲೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಎಣ್ಣೆ ಹಚ್ಚಿದ್ರೆ ಪುನಃ ಪಳಗ್ತದಾ?" ಎಂದರು.

"ನಹೀ ಅಪ್ಪಾ!" ಎಂದು ಮಗಳು ಚೀರಿದ್ದು ಇವರಿಗೆ ಸಲೀಸಾಗಿ ಕೇಳಿಸಿತು.

ಹೋದ ಲೇಪ ಮರಳಿ ಬರುವುದಿಲ್ಲವಾದ್ದರಿಂದ ಹೊಸ ಗಾಜು ಬಂತು. ಅಂದಿನಿಂದ ಅದರ ಉಸ್ತುವಾರಿ ಇವರದು, ಕಾನೂನೂ ಇವರದೇ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಒಣ ಒರೆಸು ಮಾತ್ರ, ಅದೂ ಭಾರ ಹಾಕದೆ. ಕಲೆ ಹೋಗದಿದ್ದರೆ ಬಟ್ಟೆಯ ಮೂಲೆಯನ್ನು ನೀರಿನಲ್ಲಿ ಒದ್ದೆ ಮಾಡಬಹುದು. ಸಾಬೂನು, ಲಿಂಬೆ, ಸ್ಯಾನಿಟೈಸರ್ ಹತ್ತಿರ ಸುಳಿಯಬಾರದು. ನನ್ನ ಚೀಲದಲ್ಲಿ ಬೀಗದಕೈ ಜೊತೆ ಫೋನು ಇಡಬಾರದು. ಒಗ್ಗರಣೆ ಹಾಕಿದ ಕೈಯಲ್ಲಿ ಫೋನು ಮುಟ್ಟಹೋದರೆ "ಕೈ ತೊಳೆ, ಒರೆಸಿಕೋ" ಎಂಬ ಗದರಿಕೆ. ಇದ್ದ ಒಂದು ಬಾಯಿಯನ್ನೂ ಇವರ ವಶಕ್ಕೆ ಕೊಟ್ಟ ಹಾಗಾಯಿತು ಎಂದು ಗೊಣಗಲೂ ನನಗೆ ಸ್ವರವಿರಲಿಲ್ಲ. ಆದರೆ ಬೆರಳು ಗಾಜಿಗೆ ಕಚ್ಚಿಕೊಳ್ಳಲಿಲ್ಲ, ಒಂದು ಅಕ್ಷರವೂ ತುಂಡಾಗಲಿಲ್ಲ. ಆ ತೆಳ್ಳನೆಯ ಲೇಪವನ್ನು ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಅದನ್ನು ಕಾದ ಮನುಷ್ಯನಿಗೆ ನಾನು ಎಷ್ಟು ಋಣಿ ಎಂಬುದನ್ನು ಅವರಿಗೇ ಬರೆದು ತೋರಿಸಲು ಮಾತ್ರ ನಾಚಿಕೆ.

ಮೌನದ ವಾರಗಳು ಮುಗಿದಾಗ ಡಾಕ್ಟರು ಒಳಗೆ ಕರೆದು ಮಾತಾಡಿಸಿದರು. ಸ್ವರ ಬಂತು. ಸಣ್ಣಗೆ, ನಯವಾಗಿ, ಯಾರೋ ಬೇರೆ ಹುಡುಗಿಯದು ಎನ್ನುವ ಹಾಗೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಇವರ ಹತ್ತಿರ ಓಡಿ ಬಂದು "ಹೋಗುವಾ?" ಎಂದೆ. ತುಟಿ ಆಡಿದ್ದು ಕಂಡು ಇವರ ಮುಖ ಅರಳಿತು. ಕಿವಿಗೆ ಕೈಯಾನಿಸಿದರು. ಮತ್ತೆ ಹೇಳಿದೆ. ಕೇಳಿಸಲಿಲ್ಲ. ಹಳೆಯ ಅಭ್ಯಾಸ, ನನ್ನ ಕತ್ತಿನ ನರ ಉಬ್ಬಿರಬೇಕು. ಅಷ್ಟು ಜನರ ಮುಂದೆ ಇವರು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಕೂಗ್ಬೇಡ ಮಾರಾಯ್ತಿ. ಬರೆ." ಜೇಬಿನಿಂದ ಫೋನು ತೆಗೆದುಕೊಟ್ಟರು. ನಾನು ಬೆರಳಿಡುವ ಮೊದಲೇ ಕೇಳಿದರು: "ಸ್ವರ ಈಗ ಹೇಗುಂಟು?"

ನಾನು ಬರೆದೆ: "ನಮ್ಮ ಮದುವೆಯಾದ ಹೊಸತರಲ್ಲಿ ಇದ್ದ ಹಾಗೆ."

ಇವರು ಕನ್ನಡಕ ಏರಿಸಿ ಓದಿದರು.

"ಹಾಗಾದ್ರೆ ನಂಗೆ ನೆನಪುಂಟು" ಎಂದರು.